ಸ್ಟ್ಯಾನಸ್ ಫ್ಲೋರೈಡ್ ಪೇಸ್ಟ್ ತಗೋಬೇಕಾ? ನೀವು ದುಡ್ಡು ಕೊಡೋದು ಫ್ಲೋರೈಡಿಗಲ್ಲ, ತವರಕ್ಕೆ

ಮೊದಲು ತೀರ್ಪು ಹೇಳ್ಬಿಡ್ತೀನಿ, ಕಾರಣ ಆಮೇಲೆ. ಬ್ರಷ್ ಮಾಡುವಾಗ ವಸಡಲ್ಲಿ ರಕ್ತ ಬರ್ತಿದ್ರೆ, ತಣ್ಣೀರು ಕುಡಿದ್ರೆ ಹಲ್ಲು ಜುಮ್ ಅಂತಿದ್ರೆ, ಹುಳಿ ತಿಂದೂ ತಿಂದೂ ಹಲ್ಲಿನ ಮೇಲ್ಪದರ ಸವೆದಿದೆ ಅಂತ ಡಾಕ್ಟ್ರು ಹೇಳಿದ್ರೆ, ಸ್ಟ್ಯಾನಸ್ ಫ್ಲೋರೈಡ್ (ತವರ, ಫ್ಲೋರಿನ್ ಸೇರಿ ಆಗೋ ಸಂಯುಕ್ತ) ಇರೋ ಪೇಸ್ಟ್ ತಗೊಳ್ಳಿ, ಕೊಟ್ಟ ದುಡ್ಡಿಗೆ ಕೆಲಸ ಮಾಡುತ್ತೆ. ಇದ್ಯಾವುದೂ ಇಲ್ಲ, ಹಲ್ಲು ಹುಳುಕಾಗದೆ ಇದ್ರೆ ಸಾಕು ಅನ್ನೋರು ಅಂಗಡೀಲಿ ಸಿಗೋ ಮಾಮೂಲಿ ಫ್ಲೋರೈಡ್ ಪೇಸ್ಟಲ್ಲೇ ಇರಿ, ಮೂರ್ನಾಲ್ಕು ಪಟ್ಟು ಜಾಸ್ತಿ ಕೊಡೋ ಅಗತ್ಯ ನಿಜವಾಗ್ಲೂ ಇಲ್ಲ. ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡೋನು, ಹಲ್ಲಿನ ಡಾಕ್ಟರ್ ಅಲ್ಲ, ಹಾಗಾಗಿ ಇದು ಔಷಧಿ ಸಲಹೆ ಅಂತ ತಗೋಬೇಡಿ, ಟ್ಯೂಬ್ ಒಳಗೆ ಏನಿದೆ, ಅದು ಬಾಯೊಳಗೆ ಏನ್ ಮಾಡುತ್ತೆ ಅನ್ನೋದರ ರಿವ್ಯೂ ಅಂತ ಓದಿ.

ನನ್ನ ತಂಗಿ ಅಮೆರಿಕದಲ್ಲಿದಾಳೆ, ಕಳೆದ ಸಲ ಊರಿಗೆ ಬಂದಾಗ ಎರಡು ಬೇರೆ ಬೇರೆ ಕಂಪನಿ ಟ್ಯೂಬ್ ತಂದುಕೊಟ್ಟಳು, ಎರಡರಲ್ಲೂ ಆಕ್ಟಿವ್ ಇಂಗ್ರೀಡಿಯೆಂಟ್ ಅಂತ ಬರೆದಿರೋ ಜಾಗದಲ್ಲಿ ಒಂದೇ ಸಾಲು, ಸ್ಟ್ಯಾನಸ್ ಫ್ಲೋರೈಡ್ 0.454 ಪರ್ಸೆಂಟ್. ನಾನು ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಹೇಳ್ಬೇಕಾಗಿರೋದು ಒಳಗಿನ ವಸ್ತು ಬಗ್ಗೆ, ಅದು ಯಾವ ಡಬ್ಬೀಲಿ ಬಂದ್ರೂ ಅದೇ ವಸ್ತು. ಈ 0.454 ಅನ್ನೋ ವಿಚಿತ್ರ ನಂಬರ್ ಯಾಕೆ ಅಂತ ತುಂಬಾ ಜನಕ್ಕೆ ಅನ್ಸಿರುತ್ತೆ. ಲೆಕ್ಕ ಸುಲಭ. ಒಂದು ತವರದ ಪರಮಾಣು, ಎರಡು ಫ್ಲೋರಿನ್. ತವರದ ತೂಕ 118.7, ಫ್ಲೋರಿನ್ 19, ಎರಡು ಸೇರಿ 38, ಒಟ್ಟು 156.7. ಅಂದ್ರೆ ಈ ಸಂಯುಕ್ತದ ತೂಕದಲ್ಲಿ ಫ್ಲೋರೈಡ್ ಬರೀ ಕಾಲು ಭಾಗ, ಸುಮಾರು 24 ಪರ್ಸೆಂಟ್, ಉಳಿದ ಮುಕ್ಕಾಲು ಪಾಲು ತವರ. 0.454ರಲ್ಲಿ 24 ಪರ್ಸೆಂಟ್ ತೆಗೆದ್ರೆ 0.11 ಬರುತ್ತೆ, ಅದನ್ನೇ 1100 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 1100 ಭಾಗ) ಅನ್ನೋದು. ಈಗ ಸೋಡಿಯಂ ಫ್ಲೋರೈಡ್ ಇರೋ ಅಮೆರಿಕದ ಪೇಸ್ಟ್ ತಗೊಂಡ್ರೆ ಅದರಲ್ಲಿ 0.243 ಪರ್ಸೆಂಟ್ ಅಂತಿರುತ್ತೆ, ಅಲ್ಲಿ ತೂಕದ 45 ಪರ್ಸೆಂಟ್ ಫ್ಲೋರೈಡ್, ಗುಣಿಸಿ ನೋಡಿ, ಅದೂ 1100 ಪಿಪಿಎಂ. ಎರಡೂ ಕೊಡೋ ಫ್ಲೋರೈಡ್ ಅಳತೆ ಮಾಡಿ ಇಟ್ಟ ಹಾಗೆ ಒಂದೇ! ಅದಕ್ಕೇ ಟೈಟಲ್‌ನಲ್ಲಿ ಹಾಗೆ ಬರೆದಿದ್ದು, ಫ್ಲೋರೈಡ್ ನಿಮಗೆ ಕಮ್ಮಿ ದುಡ್ಡಿನ ಪೇಸ್ಟಲ್ಲೂ ಸಿಗುತ್ತೆ, ಜಾಸ್ತಿ ಕೊಟ್ಟಿದ್ದಕ್ಕೆ ಸಿಗೋದು ತವರ.

ಇಲ್ಲಿ ನಮ್ಮ ದೇಶದ ಕಾನೂನಿನ ವಿಷಯ ಒಂದಿದೆ. ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾನೂನಿನ ಕೆಳಗಿರೋ ನಿಯಮದ ಪ್ರಕಾರ ಟೂತ್‌ಪೇಸ್ಟಲ್ಲಿ ಫ್ಲೋರೈಡ್ 1000 ಪಿಪಿಎಂ ದಾಟಬಾರದು, ಎಷ್ಟಿದೆ ಅನ್ನೋದನ್ನ ಟ್ಯೂಬ್ ಮೇಲೂ ಡಬ್ಬಿ ಮೇಲೂ ಬರೀಲೇಬೇಕು. ಯುರೋಪಲ್ಲಿ 1500ರ ತನಕ ಬಿಡ್ತಾರೆ. ಹಾಗಾಗಿ ಹೊರಗಡೆಯಿಂದ ತಂದ ಟ್ಯೂಬ್ ನಮ್ಮ ಮಿತಿಗಿಂತ ಸ್ವಲ್ಪ ಮೇಲಿರುತ್ತೆ, ದೊಡ್ಡವರಿಗೆ ಇದು ದೊಡ್ಡ ವಿಷಯ ಅಲ್ಲ, ಮಕ್ಕಳಿರೋ ಮನೇಲಿ ಗಮನ ಇರಲಿ. ಇನ್ನೊಂದು, ಹೆಸರು ನೋಡಿ ತಗೋಬೇಡಿ ದಯವಿಟ್ಟು. ಸೆನ್ಸೊಡೈನ್ ರಿಪೇರ್ ಅಂಡ್ ಪ್ರೊಟೆಕ್ಟ್ ಅನ್ನೋ ಅದೇ ಹೆಸರಲ್ಲಿ ಅಮೆರಿಕದಲ್ಲಿ ಸ್ಟ್ಯಾನಸ್ ಫ್ಲೋರೈಡ್ ಮಾರ್ತಾರೆ, ಬೇರೆ ಎಷ್ಟೋ ದೇಶಗಳಲ್ಲಿ ನೋವಾಮಿನ್ ಅನ್ನೋ ಗಾಜಿನ ಜಾತಿಯ ಬೇರೆಯೇ ವಸ್ತು ಹಾಕ್ತಾರೆ. ಎರಡಕ್ಕೂ ಅದರದರ ಕೆಲಸ ಇದೆ, ಆದ್ರೆ ಒಂದು ಇನ್ನೊಂದಲ್ಲ. ಟ್ಯೂಬ್ ಹಿಂದೆ ತಿರುಗಿಸಿ ಸಣ್ಣಕ್ಷರ ಓದೋದೊಂದೇ ದಾರಿ.

ಈಗ ಈ ಸಂಯುಕ್ತದ ಸ್ವಭಾವಕ್ಕೆ ಬರೋಣ, ನನಗೆ ಇಷ್ಟವಾದ ಭಾಗ ಇದೇ. ತವರದ ಆಕ್ಸೈಡನ್ನ ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿ, ನೀರು ಆರಿಸಿದ್ರೆ ಬಿಳಿ ಹರಳಾಗಿ ಬರುತ್ತೆ. ಸುಮಾರು 215 ಡಿಗ್ರಿಗೆ ಕರಗಿಬಿಡುತ್ತೆ. ಲೋಹದ ಫ್ಲೋರೈಡ್ ಅಂದ್ರೆ ಸಾಮಾನ್ಯವಾಗಿ ಕಲ್ಲಿನಂಥವು, ಕ್ಯಾಲ್ಸಿಯಂ ಫ್ಲೋರೈಡ್ ಕರಗಬೇಕು ಅಂದ್ರೆ 1400 ಡಿಗ್ರಿ ದಾಟಬೇಕು. ಇದು ಇಷ್ಟು ಬೇಗ ಕರಗೋದಕ್ಕೆ ಕಾರಣ ಒಳಗಿನ ಜೋಡಣೆ, ನಾಲ್ಕು ತವರ ನಾಲ್ಕು ಫ್ಲೋರಿನ್ ಸೇರಿ ಒಂದು ಉಂಗುರ, ಪ್ರತಿ ತವರಕ್ಕೂ ಹೊರಗಡೆ ಇನ್ನೊಂದು ಫ್ಲೋರಿನ್, ಇಂಥ ಉಂಗುರಗಳು ಪಕ್ಕ ಪಕ್ಕ ಕೂತಿರ್ತವೆ, ಒಂದಕ್ಕೊಂದರ ಹಿಡಿತ ಅಷ್ಟು ಗಟ್ಟಿ ಇಲ್ಲ. ಪ್ರತಿ ತವರದ ಒಂದು ಕಡೆ ಯಾರ ಜೊತೆಗೂ ಸೇರದ ಒಂದು ಜೊತೆ ಎಲೆಕ್ಟ್ರಾನ್ ಇರುತ್ತೆ. ಪಿ-ಬ್ಲಾಕ್ ಪಾಠದಲ್ಲಿ ಇನರ್ಟ್ ಪೇರ್ ಎಫೆಕ್ಟ್ ಅಂತ ಉರು ಹೊಡೀತಾರಲ್ಲ ಮಕ್ಕಳು, ಅದೇ ಇದು. ಕಾರ್ಬನ್, ಸಿಲಿಕಾನ್ ನಾಲ್ಕೂ ಎಲೆಕ್ಟ್ರಾನ್ ಬಳಸ್ತವೆ, ಸೀಸ ಎರಡೇ ಬಳಸಿ ನೆಮ್ಮದಿಯಾಗಿ ಇದ್ಬಿಡುತ್ತೆ, ತವರ ಇವೆರಡರ ಮಧ್ಯೆ ಸಿಕ್ಕಿಹಾಕ್ಕೊಂಡಿದೆ. ಎರಡು ಕೊಟ್ಟು ಇರಬಲ್ಲದು, ಆದ್ರೆ ಸ್ವಲ್ಪ ಗಾಳಿ ನೀರು ಸಿಕ್ತು ಅಂದ್ರೆ ಇನ್ನೆರಡನ್ನೂ ಬಿಟ್ಟುಕೊಟ್ಟು ನಾಲ್ಕರ ಸ್ಥಿತಿಗೆ ಹೋಗ್ಬಿಡುತ್ತೆ. ನೀರಲ್ಲಿ ಇದು ಚೆನ್ನಾಗೇ ಕರಗುತ್ತೆ, 100 ಮಿಲಿಗೆ 30 ಗ್ರಾಂಗೂ ಜಾಸ್ತಿ, ಆದ್ರೆ ಆ ನೀರನ್ನ ಹಾಗೇ ತೆರೆದಿಟ್ರೆ ಬೆಳ್ಳಗೆ ಕದಡಿ ತಳಕ್ಕೆ ಇಳಿಯುತ್ತೆ. ತವರ ನೀರಿನ ಜೊತೆ, ಗಾಳಿಯ ಆಕ್ಸಿಜನ್ ಜೊತೆ ಸೇರಿ ಕರಗದ ವಸ್ತುವಾಗಿ ಕೂತ್ಕೊಳ್ಳುತ್ತೆ. ಫ್ಲೋರೈಡ್ ನೀರಲ್ಲೇ ಉಳೀಬಹುದು, ನಮಗೆ ಬೇಕಾದ ಎರಡರ ತವರ (ಎರಡೇ ಎಲೆಕ್ಟ್ರಾನ್ ಕೊಟ್ಟಿರೋ ತವರ) ಮಾತ್ರ ಹೋಯ್ತು.

ಟೂತ್‌ಪೇಸ್ಟ್ ಅಂದ್ರೆ ನೀರಿರೋ ವಸ್ತು, ತಿಂಗಳುಗಟ್ಟಲೆ ಅಂಗಡೀಲಿ ಕೂತಿರುತ್ತೆ. ಇಂಥ ಚಂಚಲ ಸಂಯುಕ್ತನ ಅದರೊಳಗೆ ಹಾಳಾಗದೆ ಹೇಗೆ ಇಡೋದು ಅನ್ನೋದೇ ಈ ಪೇಸ್ಟಿನ ಇಡೀ ಕಥೆ. 1950ರ ದಶಕದಲ್ಲಿ ಅಮೆರಿಕದ ಡೆಂಟಿಸ್ಟ್‌ಗಳು ಇದನ್ನ 8 ಪರ್ಸೆಂಟ್ ದ್ರಾವಣವಾಗಿ ಹಲ್ಲಿಗೆ ಹಚ್ತಿದ್ರು, ಕ್ಯಾಪ್ಸೂಲಲ್ಲಿ ಬಂದ 0.8 ಗ್ರಾಂ ಪುಡೀನ 10 ಮಿಲಿ ಡಿಸ್ಟಿಲ್ಡ್ ವಾಟರಲ್ಲಿ ಆಗಿಂದಾಗ್ಲೇ ಕಲಸಬೇಕಿತ್ತು, ಉಳಿದಿದ್ದನ್ನ ಚೆಲ್ಲಬೇಕಿತ್ತು, ನಾಳೆಗೆ ಇಡೋ ಹಾಗಿರ್ಲಿಲ್ಲ. ಅದಕ್ಕೂ ಮುಂಚೆ 1940ರ ದಶಕದಲ್ಲಿ ಸೋಡಿಯಂ ಫ್ಲೋರೈಡನ್ನ ಪೇಸ್ಟಿಗೆ ಹಾಕಿ ನೋಡಿದ್ರು, ಪ್ರಯೋಜನ ಆಗ್ಲಿಲ್ಲ. ಯಾಕಂದ್ರೆ ಹಲ್ಲು ಉಜ್ಜೋಕೆ ಪೇಸ್ಟಲ್ಲಿ ಹಾಕ್ತಿದ್ದ ಪುಡಿಗಳು ಸುಣ್ಣದ ಪುಡಿ, ಕ್ಯಾಲ್ಸಿಯಂ ಫಾಸ್ಫೇಟ್ ಇಂಥವೇ, ಕ್ಯಾಲ್ಸಿಯಂ ಸಿಕ್ಕ ತಕ್ಷಣ ಫ್ಲೋರೈಡ್ ಅದನ್ನ ತಬ್ಬಿಕೊಂಡು ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಆಗ್ಬಿಡುತ್ತೆ, ಹಲ್ಲಿಗೆ ಸಿಗೋದು ಏನೂ ಇಲ್ಲ. (ನಮ್ಮಲ್ಲಿ ಸುಣ್ಣದ ಪುಡಿಯ ಬಿಳಿ ಪೇಸ್ಟ್‌ಗಳಲ್ಲಿ ಸೋಡಿಯಂ ಮೋನೋಫ್ಲೋರೋಫಾಸ್ಫೇಟ್ ಅಂತ ಉದ್ದನೆ ಹೆಸರಿರೋದು ಇದಕ್ಕೇ, ಅದರಲ್ಲಿ ಫ್ಲೋರಿನ್ ಫಾಸ್ಫರಸ್‌ಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತೆ, ಕ್ಯಾಲ್ಸಿಯಂ ಅದನ್ನ ಕಿತ್ಕೊಳ್ಳೋಕಾಗಲ್ಲ, ಬಾಯಿಗೆ ಬಂದ ಮೇಲೆ ಎಂಜಲಿನ ಎಂಜೈಮ್ ಅದನ್ನ ಬಿಡಿಸುತ್ತೆ. ಜಾಣ ಪರಿಹಾರ, ಕಮ್ಮಿ ಖರ್ಚು.)

ಇಂಡಿಯಾನಾ ಯೂನಿವರ್ಸಿಟಿಯಲ್ಲಿ ಜೋಸೆಫ್ ಮುಲ್ಹರ್, ಹ್ಯಾರಿ ಡೇ, ವಿಲಿಯಂ ನೆಬರ್ಗಾಲ್ ಅಂತ ಮೂರು ಜನ, ಒಬ್ಬರು ಹಲ್ಲಿನ ಕಡೆಯವರು, ಒಬ್ಬರು ಬಯೋಕೆಮಿಸ್ಟ್ರಿ, ಒಬ್ಬರು ಇನಾರ್ಗ್ಯಾನಿಕ್ ಕೆಮಿಸ್ಟ್ರಿ, ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ದುಡ್ಡಲ್ಲಿ ಇದನ್ನ ಬಗೆಹರಿಸಿದ್ರು. ಮಾಡಿದ್ದೇನಪ್ಪಾ ಅಂದ್ರೆ ಕ್ಯಾಲ್ಸಿಯಂ ಫಾಸ್ಫೇಟನ್ನ ಬಿಸಿ ಮಾಡಿ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಮಾಡಿ ಅದನ್ನ ಉಜ್ಜೋ ಪುಡಿಯಾಗಿ ಹಾಕಿದ್ರು, ಅದು ಎಷ್ಟು ಕಮ್ಮಿ ಕರಗುತ್ತೆ ಅಂದ್ರೆ ಕ್ಯಾಲ್ಸಿಯಂ ಹೊರಗೆ ಬಂದು ಫ್ಲೋರೈಡನ್ನ ಹಿಡಿಯೋ ಅವಕಾಶ ಕಮ್ಮಿ, ಜೊತೆಗೆ ಕಳೆದುಹೋಗೋ ತವರನ ತುಂಬ್ಕೊಡೋಕೆ ಅಂತಲೇ ಸ್ಟ್ಯಾನಸ್ ಪೈರೋಫಾಸ್ಫೇಟ್ ಅನ್ನೋ ಇನ್ನೊಂದು ತವರದ ಉಪ್ಪನ್ನೂ ಸೇರಿಸಿದ್ರು. ಅದೇ ಕ್ರೆಸ್ಟ್ ಅನ್ನೋ ಟೂತ್‌ಪೇಸ್ಟ್, 1955ರಲ್ಲಿ ಕೆಲವು ಊರುಗಳಲ್ಲಿ ಮಾರಿ ನೋಡಿ 1956ರಲ್ಲಿ ಅಮೆರಿಕ ಪೂರ್ತಿ ಬಿಟ್ರು, 1960ರಲ್ಲಿ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಇದು ಹುಳುಕು ತಡೆಯುತ್ತೆ ಅಂತ ಒಪ್ಪಿಕೊಳ್ತು, ಟೂತ್‌ಪೇಸ್ಟ್ ಒಂದಕ್ಕೆ ಅಂಥ ಒಪ್ಪಿಗೆ ಸಿಕ್ಕಿದ್ದು ಅದೇ ಮೊದಲು. ನಾವು ಇವತ್ತು ಫ್ಲೋರೈಡ್ ಪೇಸ್ಟ್ ಅಂತ ಸಲೀಸಾಗಿ ಅಂತೀವಲ್ಲ, ಪೇಸ್ಟ್ ಮೂಲಕ ಜನರ ಬಾಯಿಗೆ ದೊಡ್ಡ ಮಟ್ಟದಲ್ಲಿ ಮೊದಲು ಬಂದ ಫ್ಲೋರೈಡ್ ಈ ತವರದ ಫ್ಲೋರೈಡೇ.

ಆದ್ರೆ ರುಚಿ ಚೆನ್ನಾಗಿರ್ಲಿಲ್ಲ, ಹಲ್ಲಿಗೆ ಕಲೆ ಕೂರ್ತಿತ್ತು, ದಿನ ಕಳೆದ ಹಾಗೆ ತವರ ಶಕ್ತಿ ಕಳ್ಕೊಳ್ತಿತ್ತು. ಅಷ್ಟರಲ್ಲಿ ಮರಳಿನ ಜಾತಿಯ ಸಿಲಿಕಾ ಪುಡಿ ಬಂತು, ಅದರಲ್ಲಿ ಕ್ಯಾಲ್ಸಿಯಮ್ಮೇ ಇಲ್ಲ, ಹಾಗಾದ್ರೆ ಸಾದಾ ಸೋಡಿಯಂ ಫ್ಲೋರೈಡೇ ಸಾಕಲ್ವಾ ಅಂತ 1981ರಲ್ಲಿ ಕ್ರೆಸ್ಟ್‌ನವರೇ ತವರ ಬಿಟ್ಟು ಸೋಡಿಯಂಗೆ ಹೋದ್ರು. ಹುಳುಕಿನ ಮಟ್ಟಿಗೆ ಅದು ಸರಿಯಾದ ನಿರ್ಧಾರವೇ. ಆಮೇಲೆ ಗಮನ ವಸಡಿನ ಕಡೆ ತಿರುಗಿದಾಗ ತವರ ವಾಪಸ್ ಬಂತು, ಈ ಸಲ ಬೇರೆ ಬೇರೆ ಉಪಾಯಗಳ ಜೊತೆ. ಗ್ಲುಕೋನೇಟ್ ಥರದ ಅಣುಗಳು ತವರನ ಸುತ್ತುವರಿದು ಹಿಡ್ಕೊಂಡಿರ್ತವೆ, ಸ್ಟ್ಯಾನಸ್ ಕ್ಲೋರೈಡ್ ಸ್ವಲ್ಪ ಜಾಸ್ತಿ ಹಾಕ್ತಾರೆ ಆಕ್ಸಿಜನ್ ಬಂದ್ರೆ ಮೊದಲು ಅದು ಬಲಿಯಾಗಲಿ ಅಂತ, ಇಲ್ಲಾಂದ್ರೆ ನೀರನ್ನೇ ಕಮ್ಮಿ ಮಾಡಿ ಗ್ಲಿಸರಿನ್‌ನಲ್ಲಿ ಪೇಸ್ಟ್ ಕಲಸ್ತಾರೆ.

ತಂಗಿ ತಂದ ಎರಡು ಟ್ಯೂಬಲ್ಲಿ ಈ ವ್ಯತ್ಯಾಸ ಬಾಯಿಗೇ ಗೊತ್ತಾಯ್ತು. ಒಂದರಲ್ಲಿ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಇದೆ, ನೀರು ಕಮ್ಮಿ, ಬಾಯಿಗೆ ಹಾಕಿದ ತಕ್ಷಣ ನುಣ್ಣನೆ ಮರಳು ಸಿಕ್ಕ ಹಾಗೆ ಕರಕರ ಅನ್ನುತ್ತೆ, ಉಜ್ತಾ ಉಜ್ತಾ ಕರಗುತ್ತೆ. ಇನ್ನೊಂದು ನಯವಾಗಿದೆ, ನೊರೆ ಜಾಸ್ತಿ, ಮೊದಲ ಸಲ ಬಳಸೋರಿಗೆ ಇದೇ ಹಿತ. ನನಗೆ ಕರಕರ ಇರೋದರಲ್ಲಿ ಕಲೆ ಕಮ್ಮಿ ಕೂತ ಹಾಗೆ ಅನ್ಸಿತು, ಅದಕ್ಕೆ ಕಾರಣವೂ ಇದೆ, ಆ ಹೆಕ್ಸಾಮೆಟಾಫಾಸ್ಫೇಟ್ ಹಲ್ಲಿನ ಮೇಲ್ಮೈಗೆ ತಾನೇ ಅಂಟಿಕೊಂಡು ಬಣ್ಣದ ಅಣುಗಳಿಗೆ ಜಾಗ ಕೊಡಲ್ಲ. ಎರಡರಲ್ಲಿ ಒಂದು ಆರಿಸು ಅಂದ್ರೆ ನಾನು ಕರಕರದ್ದೇ ತಗೋತೀನಿ, ನಮ್ಮ ಮನೇಲಿ ಉಳಿದವರೆಲ್ಲ ನಯವಾದ್ದಕ್ಕೆ ಓಟು.

ತವರ ಬಾಯಲ್ಲಿ ಏನ್ ಮಾಡುತ್ತೆ ಅನ್ನೋದಕ್ಕೆ ಬರ್ತೀನಿ. ನಮ್ಮಜ್ಜಿ ಮನೆ ಕಡೆ ಹಿತ್ತಾಳೆ ಪಾತ್ರೇಲಿ ಹುಳಿ ಸಾರು ಮಾಡೋ ಮುಂಚೆ ಕಲಾಯಿ ಹಾಕಿಸ್ತಿದ್ರು, ಕಲಾಯಿಯವನು ಬೀದಿಗೆ ಬಂದ್ರೆ ಮನೆ ಮನೆಯಿಂದ ಪಾತ್ರೆ ಬರೋವು, ಒಳಗಡೆ ತೆಳ್ಳಗೆ ತವರ ಸವರಿದ್ರೆ ಹುಣಸೆಹುಳಿ ಹಿತ್ತಾಳೆಯನ್ನ ಮುಟ್ಟೋಕಾಗಲ್ಲ. ಹಲ್ಲಿನ ಮೇಲೆ ನಡೆಯೋದು ಹೆಚ್ಚು ಕಮ್ಮಿ ಅದೇ ಲೋಹದ ಅದೇ ಕೆಲಸ, ಆದ್ರೆ ಇಲ್ಲಿ ಲೋಹವಾಗಿ ಅಲ್ಲ, ಹಲ್ಲಿನ ಫಾಸ್ಫೇಟ್ ಜೊತೆ ಸೇರಿ ತವರದ ಫಾಸ್ಫೇಟ್, ಫ್ಲೋರೋಫಾಸ್ಫೇಟ್ ಆಗಿ ತೆಳು ಪದರ ಕೂರುತ್ತೆ, ಹುಳಿಗೆ ಅದು ಸುಲಭಕ್ಕೆ ಕರಗಲ್ಲ. ಸಾದಾ ಎನಾಮೆಲ್ (ಹಲ್ಲಿನ ಗಟ್ಟಿ ಮೇಲ್ಪದರ) ಪಿಎಚ್ (ಹುಳಿಯ ಅಳತೆ, ನಂಬರ್ ಇಳಿದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗೆ ಹೋದ್ರೆ ಕರಗೋಕೆ ಶುರು, ಫ್ಲೋರೈಡ್ ಸೇರಿದ ಎನಾಮೆಲ್ ಸುಮಾರು 4.5ರ ತನಕ ತಡ್ಕೊಳ್ಳುತ್ತೆ, ಆದ್ರೆ ನಿಂಬೆಹಣ್ಣಿನ ರಸ ಪಿಎಚ್ 2ರ ಹತ್ರ, ಕೋಲಾಗಳು ಎರಡೂವರೆ, ಅಲ್ಲಿ ಬರೀ ಫ್ಲೋರೈಡ್ ಸಾಕಾಗಲ್ಲ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ನಿಂಬೆ ನೀರು ಕುಡಿಯೋರು, ಅಸಿಡಿಟಿಯಿಂದ ಹುಳಿ ತೇಗು ಬಾಯಿಗೆ ಬರೋರು ಈ ಮಾತನ್ನ ಗಮನ ಇಟ್ಟು ಓದಿ, ಸ್ಟ್ಯಾನಸ್ ಪೇಸ್ಟಿನ ನಿಜವಾದ ಗಿರಾಕಿಗಳು ನೀವು.

ಜುಮ್ ಅನ್ನೋದಕ್ಕೂ ಇದೇ ಪದರ ಉತ್ತರ. ವಸಡು ಇಳಿದಾಗ ಬೇರಿನ ಕಡೆ ಡೆಂಟಿನ್ ಅನ್ನೋ ಹಲ್ಲಿನ ಒಳಪದರ ಹೊರಗೆ ಕಾಣುತ್ತೆ, ಅದರಲ್ಲಿ ಒಂದೆರಡು ಮೈಕ್ರಾನ್ ಅಗಲದ ಲೆಕ್ಕವಿಲ್ಲದಷ್ಟು ಕೊಳವೆಗಳು, ಒಳಗೆಲ್ಲ ದ್ರವ. ತಣ್ಣಗಿನದ್ದು ತಾಗಿದಾಗ ಆ ದ್ರವ ಅಲುಗಾಡಿ ಒಳಗಿನ ನರಕ್ಕೆ ಸುದ್ದಿ ಹೋಗುತ್ತೆ. ಪೊಟ್ಯಾಸಿಯಂ ನೈಟ್ರೇಟ್ ಇರೋ ಪೇಸ್ಟ್‌ಗಳು ನರವನ್ನ ಸುಮ್ಮನಾಗಿಸ್ತವೆ, ತವರ ಕೊಳವೆಯ ಬಾಯಿಗೇ ಹೋಗಿ ಮುಚ್ಚುತ್ತೆ. ನನಗೆ ಕೆಳಗಿನ ಬಲಗಡೆ ದವಡೆ ಹಲ್ಲು ಫ್ರಿಜ್ ನೀರು ಅಂದ್ರೆ ಹೆದರ್ತಿತ್ತು, ಕೆಲವು ವಾರ ಬಳಸಿದ ಮೇಲೆ ಆ ಕಡೆಯಿಂದಲೇ ಕುಡೀತೀನಿ. ಎರಡು ದಿನಕ್ಕೆ ಫಲ ಕಾಣ್ಲಿಲ್ಲ ಅಂತ ಬಿಡಬೇಡಿ, ಪದರ ಕೂರೋಕೆ ಸಮಯ ಬೇಕು, ಬಿಟ್ರೆ ಸವೆದೂ ಹೋಗುತ್ತೆ, ನಿಲ್ಲಿಸಿದ್ರೆ ಜುಮ್ ವಾಪಸ್.

ವಸಡಿನ ವಿಷಯ ಇದಕ್ಕಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ. ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ ಕೂರೋ ಬ್ಯಾಕ್ಟೀರಿಯಾ ಸಕ್ಕರೆ ಒಡೆದು ಆಸಿಡ್ ಮಾಡೋ ಎಂಜೈಮ್‌ಗಳನ್ನ ಎರಡರ ತವರ ಕೆಡಿಸುತ್ತೆ, ಅವು ಬೆಳೆಯೋದು ನಿಧಾನ ಆಗುತ್ತೆ, ಪಾಚಿ ಕಮ್ಮಿ, ಊತ ಕಮ್ಮಿ, ರಕ್ತ ಕಮ್ಮಿ. ಸೋಡಿಯಂ ಫ್ಲೋರೈಡ್ ಜೊತೆ ಹೋಲಿಸಿ ಮಾಡಿದ ಪರೀಕ್ಷೆಗಳಲ್ಲಿ ವಸಡಿನ ರಕ್ತದ ವಿಷಯದಲ್ಲಿ ತವರ ಮುಂದಿದೆ, ಹುಳುಕಿನ ವಿಷಯದಲ್ಲಿ ಎರಡೂ ಹೆಚ್ಚು ಕಮ್ಮಿ ಒಂದೇ. ಆದ್ರೆ ಇದಕ್ಕೊಂದು ಮಿತಿ ಇದೆ. ನಾನು ಟ್ಯೂಬ್ ತಗೊಂಡು ಹೋಗಿ ತೋರಿಸಿದಾಗ ನಮ್ಮ ಡಾಕ್ಟ್ರು ಮೇಡಂ ಹೇಳಿದ್ದು, "ಮೇಷ್ಟ್ರೇ, ಪೇಸ್ಟ್ ಒಳ್ಳೇದೇ, ಆದ್ರೆ ಹಲ್ಲಿನ ಮೇಲೆ ಪಾಚಿ ಗಟ್ಟಿಯಾಗಿ ಗಾರೆ ಕಟ್ಟಿರೋದನ್ನ ಯಾವ ಪೇಸ್ಟೂ ಕರಗಿಸಲ್ಲ, ಮೊದಲು ಕ್ಲೀನ್ ಮಾಡಿಸ್ಕೊಂಡು ಆಮೇಲೆ ಇದನ್ನ ಶುರು ಮಾಡಿ." ಹಾಗೇ ಮಾಡಿದೆ. ನೀವೂ ಅದೇ ಕ್ರಮದಲ್ಲಿ ಮಾಡಿ, ಗಾರೆ ಮೇಲೆ ತವರ ಸವರಿ ಏನೂ ಉಪಯೋಗ ಇಲ್ಲ.

ಇನ್ನು ದೂರುಗಳು. ರುಚಿ ಮೊದಲನೇದು, ಪುದೀನ ಎಷ್ಟು ಸುರಿದಿದ್ರೂ ಕೊನೇಲಿ ನಾಲಿಗೆ ಒಗರು ಒಗರು, ಹಸಿ ಬಾಳೆಕಾಯಿ ಕಚ್ಚಿದ ಮೇಲೆ ಬರುತ್ತಲ್ಲ ಆ ಒಗರಿನ ಜೊತೆ ಒಂಚೂರು ಲೋಹದ ವಾಸನೆ. ಕೆಲವು ದಿನಕ್ಕೆ ಅಭ್ಯಾಸ ಆಗುತ್ತೆ, ಬ್ರಷ್ ಮಾಡಿದ ತಕ್ಷಣ ಕಾಫಿ ಕುಡಿದ್ರೆ ಮಾತ್ರ ಕಾಫಿ ಕೆಟ್ಟು ಹೋಗುತ್ತೆ. ಎರಡನೇದು ಕಲೆ, ಇದು ನಿಜವಾದ ತೊಂದರೆ, ಜಾಹೀರಾತಲ್ಲಿ ಎಲ್ಲೂ ದೊಡ್ಡಕ್ಷರದಲ್ಲಿ ಹೇಳಲ್ಲ. ತವರ ಹಲ್ಲಿನ ಮೇಲಿನ ಎಂಜಲಿನ ಪೊರೆಗೆ ಅಂಟಿ ಕೂತಿರುತ್ತೆ, ಕಾಫಿ ಟೀ ಒಳಗಿನ ಬಣ್ಣದ ಅಣುಗಳು ಬಂದು ಆ ತವರನ ಹಿಡ್ಕೊಳ್ತವೆ. ರೇಷ್ಮೆಗೆ ಬಣ್ಣ ಹಾಕೋರು ಬಣ್ಣ ಕಚ್ಚಲಿ ಅಂತ ತವರದ ಉಪ್ಪು ಬಳಸ್ತಿದ್ದಿದ್ದು ಇದೇ ಗುಣಕ್ಕೆ. ಜೊತೆಗೆ ಬಾಯಿಯ ಗಂಧಕದ ಸಂಯುಕ್ತಗಳ ಜೊತೆ ತವರ ಸೇರಿದ್ರೆ ಕಂದು ಬಣ್ಣದ ತವರದ ಸಲ್ಫೈಡ್ ಬೇರೆ. ದಿನಕ್ಕೆ ಮೂರು ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯೋರಿಗೆ, ಎಲೆ ಅಡಿಕೆ ಹಾಕೋರಿಗೆ, ಬೀಡಿ ಸಿಗರೇಟು ಸೇದೋರಿಗೆ ಹಲ್ಲಿನ ಸಂದಿಯಲ್ಲಿ ಕಂದು ಗೆರೆ ಕಾಣಿಸ್ಕೊಳ್ಳಬಹುದು. ಹೊಸ ಕಾಲದ ಪೇಸ್ಟ್‌ಗಳಲ್ಲಿ ಹಳೇದಕ್ಕಿಂತ ಎಷ್ಟೋ ಕಮ್ಮಿ, ಪೂರ್ತಿ ಇಲ್ಲ ಅಂತಲ್ಲ. ಸಮಾಧಾನ ಏನಂದ್ರೆ ಇದು ಮೇಲ್ಮೈ ಕಲೆ, ಡಾಕ್ಟ್ರ ಹತ್ರ ಪಾಲಿಶ್ ಮಾಡಿಸಿದ್ರೆ ಹೋಗುತ್ತೆ.

ಹೋಗದೇ ಇರೋ ಕಲೆ ಬೇರೆ ಇದೆ, ಅದನ್ನ ಹೇಳದೆ ಫ್ಲೋರೈಡ್ ಬಗ್ಗೆ ಬರೆಯೋಕೆ ನನಗೆ ಮನಸ್ಸು ಬರಲ್ಲ. ನಮ್ಮ ಅಮ್ಮ ಪಾವಗಡ ಕಡೆಯವಳು. ಟ್ಯೂಬ್ ಮೇಲಿನ ಹೆಸರು ಓದಿ ಹೇಳಿದ ತಕ್ಷಣ ಅವಳ ಪ್ರಶ್ನೆ, "ಲೋ, ಫ್ಲೋರೈಡ್ ನೀರು ಕುಡಿದೇ ಅಲ್ವೇನೋ ನಮ್ಮ ಹಲ್ಲೆಲ್ಲ ಹಿಂಗಾಗಿದ್ದು, ಈಗ ದುಡ್ಡು ಕೊಟ್ಟು ಅದನ್ನೇ ತರಿಸಿದೀಯಾ?" ಪಾವಗಡ, ಬಾಗೇಪಲ್ಲಿ, ಮುಂಡರಗಿ ಈ ಕಡೆಯ ಯಾರ ಮನೇಲಿ ಕೇಳಿದ್ರೂ ಇದೇ ಪ್ರಶ್ನೆ ಬರುತ್ತೆ, ಬರಬೇಕು ಕೂಡ. ಅವಳ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟಿ ಇದೆ, ಅವಳ ಅಣ್ಣ ತಮ್ಮಂದಿರಿಗೂ ಇದೆ, ಫೋಟೋ ತೆಗೆಯುವಾಗ ಇವತ್ತಿಗೂ ಬಾಯಿ ಮುಚ್ಕೊಂಡೇ ನಗ್ತಾಳೆ.

ಆ ಕಲೆ ಹಲ್ಲಿನ ಮೇಲೆ ಕೂತಿದ್ದಲ್ಲ, ಹಲ್ಲು ವಸಡಿನ ಒಳಗೆ ತಯಾರಾಗುವಾಗಲೇ, ಅಂದ್ರೆ ಸುಮಾರು ಎಂಟು ವರ್ಷದ ಒಳಗೆ, ಹೊಟ್ಟೆಗೆ ಹೋದ ಫ್ಲೋರೈಡ್ ರಕ್ತದಲ್ಲಿ ಬಂದು ಎನಾಮೆಲ್ ಕಟ್ಟೋ ಕೆಲಸವನ್ನ ಕೆಡಿಸಿದ್ದು. ಆಮೇಲೂ ವರ್ಷಗಟ್ಟಲೆ ಅದೇ ನೀರು ಕುಡಿದ್ರೆ ಮೂಳೆಗೂ ಹೋಗುತ್ತೆ, ಬೆನ್ನು ಮಂಡಿ ಹಿಡ್ಕೊಳ್ಳುತ್ತೆ. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲ ಅಂದ್ರೆ 1.5ರ ತನಕ ಅಂತ ನಮ್ಮ ಬಿಐಎಸ್ (ಬ್ಯೂರೋ ಆಫ್ ಇಂಡಿಯನ್ ಸ್ಟ್ಯಾಂಡರ್ಡ್ಸ್) ಮಾನದಂಡ. ಲೀಟರಿಗೆ 3 ಮಿಲಿಗ್ರಾಂ ಇರೋ ಬೋರ್‌ವೆಲ್ ನೀರನ್ನ ದಿನಕ್ಕೆ ಮೂರು ಲೀಟರ್ ಕುಡಿದ್ರೆ 9 ಮಿಲಿಗ್ರಾಂ, ಅಷ್ಟೂ ಹೊಟ್ಟೆಗೆ, ದಿನಾ. ಬ್ರಷ್ ಮೇಲೆ ಒಂದು ಗ್ರಾಂ ಪೇಸ್ಟ್ ಹಾಕ್ಕೊಂಡ್ರೆ 1.1 ಮಿಲಿಗ್ರಾಂ, ಅದರಲ್ಲಿ ಹೆಚ್ಚಿನ ಪಾಲನ್ನ ಉಗೀತೀವಿ. ಅಮ್ಮನಿಗೆ ಹೇಳಿದ್ದು ಇದನ್ನೇ, ಒಂದು ಹೊರಗಿಂದ ಹಲ್ಲಿಗೆ ಸವರಿ ಉಗಿಯೋದು, ಇನ್ನೊಂದು ಒಳಗೆ ಇಳಿಯೋದು.

ರಸಾಯನಶಾಸ್ತ್ರ ನೋಡಿದ್ರೆ ಪಾವಗಡದ ಬೋರ್‌ವೆಲ್ಲೂ ಟೂತ್‌ಪೇಸ್ಟ್ ಟ್ಯೂಬೂ ಒಂದೇ ನಿಯಮಕ್ಕೆ ಸಿಕ್ಕಿರೋದು. ನಮ್ಮ ಬಯಲುಸೀಮೆಯ ಗ್ರಾನೈಟ್ ಬಂಡೆಗಳಲ್ಲಿ ಕ್ಯಾಲ್ಸಿಯಂ ಫ್ಲೋರೈಡ್, ಅಪಟೈಟ್, ಕಪ್ಪು ಅಭ್ರಕ ಎಲ್ಲದರಲ್ಲೂ ಫ್ಲೋರಿನ್ ಇದೆ. ಕ್ಯಾಲ್ಸಿಯಂ ಫ್ಲೋರೈಡ್ ಲೀಟರ್ ನೀರಿಗೆ ಬರೀ 16 ಮಿಲಿಗ್ರಾಂ ಅಷ್ಟೇ ಕರಗೋದು, ನೀರಲ್ಲಿ ಮೊದಲೇ ಕ್ಯಾಲ್ಸಿಯಂ ಇದ್ರೆ ಇನ್ನೂ ಕಮ್ಮಿ. ಆದ್ರೆ ಬಂಡೆಯ ಸಂದಿಯಲ್ಲಿ ಬಹಳ ಕಾಲ ನಿಂತ ಕ್ಷಾರದ ನೀರಲ್ಲಿ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಕೆಳಗೆ ಬಿದ್ದು ಹೋಗಿರುತ್ತೆ, ತಡೆಯೋರಿಲ್ಲದೆ ಫ್ಲೋರೈಡ್ ಏರ್ತಾ ಹೋಗುತ್ತೆ. 1940ರ ದಶಕದ ಪೇಸ್ಟಲ್ಲಿ ಕ್ಯಾಲ್ಸಿಯಂ ಜಾಸ್ತಿಯಾಗಿ ಫ್ಲೋರೈಡ್ ಸಿಗ್ಲಿಲ್ಲ, ನಮ್ಮ ಬೋರ್‌ವೆಲ್ಲಲ್ಲಿ ಕ್ಯಾಲ್ಸಿಯಂ ಇಲ್ಲದೆ ಫ್ಲೋರೈಡ್ ಬೇಡದಷ್ಟು ಸಿಗ್ತು. ಮಕ್ಕಳಿಗೆ ಸಾಲ್ಯುಬಿಲಿಟಿ ಪ್ರಾಡಕ್ಟ್ (ಒಂದು ಉಪ್ಪು ನೀರಲ್ಲಿ ಎಷ್ಟು ಕರಗಬಹುದು ಅನ್ನೋದರ ಲೆಕ್ಕ) ಹೇಳಿಕೊಡುವಾಗ ನಾನು ಈಗ ಈ ಎರಡನ್ನೇ ಉದಾಹರಣೆ ಕೊಡ್ತೀನಿ, ಊರಿನ ಕಾಯಿನ್ ಹಾಕೋ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡ್ಕೊಂಡು ನಿಂತಿರೋ ಮಕ್ಕಳೇ ನನ್ನ ಕ್ಲಾಸಲ್ಲಿ ಕೂತಿರೋದು, ಅವರಿಗೆ ತಕ್ಷಣ ಹತ್ತುತ್ತೆ.

ಹಾಗಾಗಿ ಫ್ಲೋರೈಡ್ ಜಾಸ್ತಿ ಇರೋ ನೀರು ಈಗಲೂ ಕುಡೀತಿರೋ ಊರುಗಳಲ್ಲಿ ನೀರಿನದ್ದು ಮೊದಲ ಖರ್ಚು, ಪೇಸ್ಟಿನದ್ದಲ್ಲ. ಅಲ್ಲಿ ಸಣ್ಣ ಮಕ್ಕಳಿಗೆ ಯಾವ ಪೇಸ್ಟ್ ಅನ್ನೋದನ್ನ ಡಾಕ್ಟ್ರನ್ನೇ ಕೇಳಿ. ಅಮ್ಮ ಈಗ ತುಮಕೂರಲ್ಲಿ ನಮ್ಮ ಜೊತೇಲೇ ಇದಾಳೆ, ಹಲ್ಲು ಯಾವತ್ತೋ ಪೂರ್ತಿ ಆಗಿದೆ, ಅವಳಿಗೆ ವಸಡಿನ ರಕ್ತದ ತೊಂದರೆ ಇತ್ತು, ಡಾಕ್ಟ್ರು ಹೇಳಿದ ಮೇಲೆ ಸ್ಟ್ಯಾನಸ್ ಪೇಸ್ಟೇ ಬಳಸ್ತಾಳೆ, ರಕ್ತ ನಿಂತಿದೆ. ಹಳೇ ಕಂದು ಪಟ್ಟಿ ಇದರಿಂದ ಹೋಗಲ್ಲ ಅನ್ನೋದನ್ನೂ ಮೊದಲೇ ಹೇಳಿದೀನಿ.

ಬಳಸೋ ರೀತಿಯಲ್ಲಿ ಒಂದೇ ಒಂದು ಬದಲಾವಣೆ ಮಾಡ್ಕೊಳ್ಳಿ, ಅದು ಬಿಟ್ಟಿ. ಬ್ರಷ್ ಆದ ಮೇಲೆ ಚೊಂಬುಗಟ್ಟಲೆ ನೀರು ಹಾಕಿ ಬಾಯಿ ಮುಕ್ಕಳಿಸೋ ಅಭ್ಯಾಸ ನಮಗೆಲ್ಲ ಇದೆ, ಅದರಿಂದ ತವರವೂ ಹೋಯ್ತು ಫ್ಲೋರೈಡೂ ಹೋಯ್ತು. ಚೆನ್ನಾಗಿ ಉಗಿದು, ಬೇಕಾದ್ರೆ ಒಂದು ಗುಟುಕು ನೀರಲ್ಲಿ ಬಾಯಿ ಒದ್ದೆ ಮಾಡಿ ಬಿಡಿ, ಅರ್ಧ ಗಂಟೆ ಏನೂ ಕುಡೀಬೇಡಿ. ರಾತ್ರಿ ಮಲಗೋ ಮುಂಚೆ ಮಾಡಿದ್ರೆ ಕಾಫಿ ಕಲೆಯ ಕಾಟವೂ ಕಮ್ಮಿ, ಬೆಳಗಿನದ್ದಕ್ಕೆ ಮಾಮೂಲಿ ಪೇಸ್ಟ್ ಬಳಸಿದ್ರೂ ನಡೆಯುತ್ತೆ, ನಾನು ಹಾಗೇ ಮಾಡೋದು, ಟ್ಯೂಬ್ ದುಪ್ಪಟ್ಟು ದಿನ ಬರುತ್ತೆ. ಹುಳಿ ಹಣ್ಣು, ನಿಂಬೆ ಶರಬತ್ತು ಆದ ತಕ್ಷಣ ಮಾತ್ರ ಉಜ್ಜಬೇಡಿ, ಮೆತ್ತಗಾಗಿರೋ ಎನಾಮೆಲ್ ಸವೆಯುತ್ತೆ.

ಮಕ್ಕಳಿರೋ ಮನೆಯವರಿಗೆ, ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರ ತನಕ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು, ಪಕ್ಕದಲ್ಲಿ ನಿಂತು ಉಗಿಸಿ. 100 ಗ್ರಾಂ ಟ್ಯೂಬಲ್ಲಿ ಒಟ್ಟು 110 ಮಿಲಿಗ್ರಾಂ ಫ್ಲೋರೈಡ್ ಇರುತ್ತೆ, ಮಗುವಿನ ತೂಕದ ಕಿಲೋಗೆ 5 ಮಿಲಿಗ್ರಾಂ ಹೊಟ್ಟೆಗೆ ಹೋದ್ರೂ ಆಸ್ಪತ್ರೆಗೆ ಓಡಬೇಕಾಗುತ್ತೆ, ಹತ್ತು ಕಿಲೋ ಮಗು ಅರ್ಧ ಟ್ಯೂಬ್ ನುಂಗಿದ್ರೆ ಆ ಲೆಕ್ಕ ಮುಟ್ಟುತ್ತೆ. ಸಿಹಿ ರುಚಿಯ ಟ್ಯೂಬ್ ಆದ್ರಂತೂ ಮೇಲಿನ ಶೆಲ್ಫಲ್ಲಿ ಇಡಿ.

ತಗೊಳ್ಳುವಾಗ ಎಕ್ಸ್‌ಪೈರಿ ಡೇಟ್ ನೋಡಿ, ಬೇರೆ ಪೇಸ್ಟಿಗಿಂತ ಇದಕ್ಕೆ ಅದು ಜಾಸ್ತಿ ಮುಖ್ಯ, ಕಾರಣ ಮೇಲೆ ಹೇಳಿದ್ದೇ, ತವರ ಕಾಯಲ್ಲ. ಆಫರ್ ಅಂತ ಹಳೇ ಸ್ಟಾಕ್ ಆರಾರು ಟ್ಯೂಬ್ ಕೂಡಿಡಬೇಡಿ, ಹೊರದೇಶದಿಂದ ತರೋರಿಗೂ ಎರಡು ಮೂರು ಸಾಕು ಅನ್ನಿ, ಮುಚ್ಚಳ ಗಟ್ಟಿಯಾಗಿ ಹಾಕಿ. ನನ್ನ ಲೆಕ್ಕದಲ್ಲಿ ವಸಡು, ಜುಮ್, ಹುಳಿ ಸವೆತ ಇರೋರಿಗೆ ಐದಕ್ಕೆ ನಾಲ್ಕೂವರೆ, ಅರ್ಧ ಕಳೆದಿದ್ದು ಕಲೆಗೆ. ಉಳಿದವರಿಗೆ ಐದಕ್ಕೆ ಮೂರು.